ದುಂಡಗೆ ಕೂರಿಸಿದ ಬೆಹಿಜಾ ಮೇಡಮ್ಮೋರು

ಪಾಠ ಹೇಳೋ ಮೇಷ್ಟ್ರುಗಳು ನಮ್ಮ ಟುನೀಶಿಯಾದಲ್ಲಿ ಖರ್ಜೂರದ ಬೀಜಕ್ಕಿಂತ ಜಾಸ್ತಿ ಇದಾರೆ. ಆದ್ರೆ ಬಾಯಿ ಮುಚ್ಕೊಂಡು ಪಾಠ ಮಾಡಿದೋರು, ಉತ್ತರದ ಸಮುದ್ರದಿಂದ ಹಿಡಿದು ನಮ್ಮ ಕೆಬಿಲಿ ಮರಳಿನ ತುದಿವರೆಗೂ ಜರಡಿ ಹಿಡಿದ್ರೂ, ಬೆಹಿಜಾ ಮಸ್ಮೂದಿ ಮೇಡಮ್ಮೋರು ಒಬ್ರೇ ಸಿಗೋದು. ಇದನ್ನ ಬರೀ ಹೊಗಳಿಕೆ ಅಂತ ತಿಳ್ಕೋಬೇಡಿ. ಒಂದು ಕಾಲದಲ್ಲಿ ಇದೇ ಮಾತನ್ನ ನಾವು ಬೈಗುಳ ಮಾಡ್ಕೊಂಡು ಬೀದಿ ಬೀದಿ ಹಂಚಿದೋರು. ಈಗ ಅದನ್ನೇ ಗಟ್ಟಿ ರಟ್ಟಿನ ಪುಸ್ತಕದಲ್ಲಿ ಅಚ್ಚು ಹಾಕಿಸಿ, ಹೂವಿನ ಜೊತೆ ಅವರ ಕೈಗೆ ಕೊಡ್ತಿದೀವಿ. ಮೇಡಮ್ಮೋರ ವಿದ್ಯೆ ಎಷ್ಟು ಆಳ, ಎಷ್ಟು ಅಗಲ ಅಂತ ಓದಿದೋರು ಈ ಪುಸ್ತಕದ ಬೇರೆ ಪುಟಗಳಲ್ಲಿ ಅಳೆದು ಬರ್ದಿದಾರಂತೆ. ಶಾಲೆ ಗುಡಿಸಿ ಚಾ ಕಾಯಿಸೋ ನಮ್ಮ ಕಣ್ಣಿಗೆ ಬಿದ್ದಿದ್ದು ಇಷ್ಟು.

ಮೇಡಮ್ಮೋರು ಸಮುದ್ರ ತೀರದ ಸಫಾಕ್ಸ್ ಪಟ್ಟಣದಿಂದ ನಮ್ಮ ಐನ್ ಸಫ್ಸಾಫ್ ಶಾಲೆಗೆ ಬಂದಿಳಿದಾಗ ಎಷ್ಟು ಸಣ್ಣಕಿದ್ರು ಅಂದ್ರೆ, ಮರಳುಗಾಳಿ ಬೀಸೋ ದಿನ ಇವರನ್ನ ಬಾಗಿಲಿಗೆ ಕಟ್ಟಬೇಕು, ಇಲ್ದಿದ್ರೆ ಲಿಬಿಯಾದಲ್ಲಿ ಹುಡುಕ್ಬೇಕಾಗತ್ತೆ ಅಂತ ಹೆಡ್‌ಮೇಷ್ಟ್ರು ಸಿ ನೂರಿನೇ ಅಂದಿದ್ರು. ಆದ್ರೆ ಬಾಯಿ ತೆಗೆದ್ರೆ ಸಾಕು, ಒಂಟೆ ಎದ್ದು ನಿಲ್ಲೋದು. ಆಗಿನ್ನೂ ಅವರು ಎಲ್ಲಾ ಮೇಷ್ಟ್ರುಗಳ ಹಾಗೇ ಪಾಠ ಮಾಡ್ತಿದ್ರು. ಅವರು ಒಂದು ಸಾಲು ಕೂಗೋದು, ಇಡೀ ಕ್ಲಾಸು ಅದೇ ಸಾಲನ್ನ ಗಂಟಲು ಹರ್ಕೊಂಡು ತಿರುಗಿ ಕೂಗೋದು. ಆ ಕೂಗಿಗೆ ಮರದ ಮೇಲಿನ ಖರ್ಜೂರ ತಾನಾಗೇ ಉದುರ್ತಿತ್ತು, ಹತ್ತೋ ಕೆಲಸ ತಪ್ಪೋದು.

ಶಾಲೆ ಗೋಡೆ ನೆರಳಲ್ಲಿ ನಮ್ಮ ಬೀದಿ ಹೆಂಗಸರು ದಿನಾ ಖರ್ಜೂರ ಆರಿಸಕ್ಕೆ ಕೂರೋದು. ಒಳಗೆ ಕೂಗು ಜೋರಾಗಿದ್ರೆ ಪಾಠ ಚೆನ್ನಾಗಿ ನಡೀತಿದೆ, ಕೂಗು ನಿಂತ್ರೆ ಮೇಷ್ಟ್ರು ನಿದ್ದೆ ಹೊಡೀತಿದಾನೆ. ನಮ್ಮೂರಲ್ಲಿ ಮೇಷ್ಟ್ರನ್ನ ಅಳೆಯೋದು ಕಿವಿಯಿಂದ. ಆ ಅಳತೇಲಿ ಮೇಡಮ್ಮೋರು ಬಂದ ವರ್ಷವೇ ಎಲ್ಲರಿಗಿಂತ ಮೇಲೆ ಹೋಗಿಬಿಟ್ರು.

ಅವರ ಕೈಗುಣವೂ ಹಂಗೇ. ಹೇನು ಬಿದ್ದ ತಲೆಗಳನ್ನ ತಮ್ಮ ಬಾಚಣಿಗೇಲೇ ಬಾಚೋರು, ಮೂಗು ಮುರೀದೆ. ಗಾಸಿಮ ಅನ್ನೋ ಹುಡುಗನ ಅಪ್ಪ ಖರ್ಜೂರದ ಮರದಿಂದ ಬಿದ್ದು ಸೊಂಟ ಮುರ್ಕೊಂಡ ವರ್ಷ, ಗಂಡು ಹೂವಿನ ಪುಡಿನ ಹೆಣ್ಣು ಗೊನೆಗೆ ಕಟ್ಟೋ ಕಾಲ ಮೀರಿ ಹೋಗ್ತಿತ್ತು. ಮೇಡಮ್ಮೋರು ಇಡೀ ಕ್ಲಾಸನ್ನ ಆ ತೋಟಕ್ಕೆ ಕರ್ಕೊಂಡು ಹೋಗಿ, ದೊಡ್ಡ ಹುಡುಗರನ್ನ ಮರ ಹತ್ತಿಸಿ, ಚಿಕ್ಕೋರ ಕೈಲಿ ಗಂಡು ಹೂವು ಬಿಡಿಸಿ, ಕೇಳಿದೋರಿಗೆಲ್ಲ "ಇವತ್ತು ವಿಜ್ಞಾನದ ಪಾಠ" ಅಂದ್ರು. ಆ ವರ್ಷ ಆ ಮನೆ ಉಂಡಿದ್ದು ಆ ಪಾಠದಿಂದ.

ಇಂಥಾ ಮೇಡಮ್ಮೋರಿಗೆ ಏನು ಕೆಟ್ಟ ಗಾಳಿ ಬಡೀತೋ, ಗಾಬೆಸ್ ಪಟ್ಟಣದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಅಂತ ಹೋಗಿ ಬಂದೋರು, ಬಂದ ಮಾರನೇ ದಿನ ಬೆಳಿಗ್ಗೆ ಬೆಂಚುಗಳನ್ನೆಲ್ಲ ಕಿತ್ತು ದುಂಡು ದುಂಡಗೆ ಇಡಿಸಿದ್ರು. ಸಾಲಾಗಿ ಕೂತು ಮುಂದಿನೋನ ಬೆನ್ನು ನೋಡ್ತಿದ್ದ ಮಕ್ಕಳು ಈಗ ಒಬ್ಬರ ಮುಖ ಒಬ್ಬರು ನೋಡ್ಬೇಕು.

"ಇನ್ಮೇಲೆ ನಾನು ಹೇಳೋದು ಕಮ್ಮಿ," ಅಂದ್ರು ಮೇಡಮ್ಮೋರು. "ನೀವು ನಿಮ್ಮಲ್ಲೇ ಮಾತಾಡ್ಕೊಂಡು ಕಂಡುಹಿಡೀಬೇಕು. ತಪ್ಪಾದ್ರೆ ಒಬ್ಬರನ್ನೊಬ್ಬರು ತಿದ್ಬೇಕು. ಗೊತ್ತಾಯ್ತಾ?"

ಮಕ್ಕಳು "ಗೊತ್ತಾಯ್ತು ಮೇಡಮ್" ಅಂತ ಒಟ್ಟಿಗೆ ಕೂಗಿದ್ರು. ಒಟ್ಟಿಗೆ ಕೂಗಿದ್ದು ಅದೇ ಕೊನೆ.

ಏನೂ ಗೊತ್ತಾಗಿರಲಿಲ್ಲ. ಪ್ರತಿ ದುಂಡಿನ ನಡುವೆ ಒಂದೊಂದು ದೊಡ್ಡ ಹಾಳೆ ಹಾಸಿ, ಎಲ್ಲರೂ ಸೇರಿ ನಮ್ಮೂರಿನ ನಕ್ಷೆ ಬರೀರಿ ಅಂದ್ರು. ದುಂಡಿನಲ್ಲಿ ವಯಸ್ಸಿಗೆ ದೊಡ್ಡೋನು ಪೆನ್ಸಿಲ್ ಎತ್ತೋವರೆಗೂ ಯಾರೂ ಎತ್ತಲಿಲ್ಲ. ಆಮೇಲೆ ಒಬ್ಬೊಬ್ಬರೂ ತಮ್ಮ ಮುಂದಿನ ಮೂಲೇಲಿ ತಲೆ ತಗ್ಗಿಸಿ ಬರೆಯಕ್ಕೆ ಹತ್ತಿದ್ರು. ಕೊನೆಗೆ ಹಾಳೆ ಎತ್ತಿ ನೋಡಿದ್ರೆ ಒಂದು ಊರಿನ ಜಾಗದಲ್ಲಿ ನಾಲ್ಕು ಊರು! ನಾಲ್ಕು ಮಸೀದಿ, ನಾಲ್ಕು ಬಾವಿ, ನಾಲ್ಕು ಶಾಲೆ, ಒಂದರಿಂದ ಇನ್ನೊಂದಕ್ಕೆ ಹೋಗಕ್ಕೆ ದಾರೀನೇ ಇಲ್ಲ. ಲೆಕ್ಕದಲ್ಲೂ ಅದೇ ಕಥೆ. ಗಾಸಿಮ ಕೂಡೋ ಕಡೆ ಕಳೆದು ಕೂತಿದ್ದ. ಪಕ್ಕದಲ್ಲಿ ಜುಹೈನಾ, ಕ್ಲಾಸಿಗೇ ಚುರುಕು ಹುಡುಗಿ, ನೋಡ್ತಾನೇ ಇದ್ಲು, ತುಟಿ ಬಿಚ್ಚಲಿಲ್ಲ.

"ಅವನದು ತಪ್ಪು ಅಂತ ನಿನಗೆ ಕಾಣ್ಲಿಲ್ವಾ?"

"ಕಾಣ್ತು ಮೇಡಮ್."

"ಮತ್ತೆ ಯಾಕೆ ಹೇಳ್ಲಿಲ್ಲ?"

ಜುಹೈನಾ ಮುಖ ಕೆಂಪು ಮಾಡ್ಕೊಂಡು, "ಅದು ಅವನ ಮುಂದಿತ್ತು ಮೇಡಮ್" ಅಂದ್ಲು. ಅಂದ್ಮೇಲೆ ಇನ್ನೇನು ಹೇಳೋದಿದೆ ಅನ್ನೋ ಹಾಗೆ. ಮೇಡಮ್ಮೋರಿಗೆ ತಲೆ ಬುಡ ತಿಳೀಲಿಲ್ಲ. ಗಾಬೆಸ್‌ನಲ್ಲಿ ಹೇಳ್ಕೊಟ್ಟ ಯಾವ ಪಾಠದಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಒಳಗೆ ಇದು, ಹೊರಗೆ ಇನ್ನೊಂದು. ಕೂಗು ನಿಂತ ದಿನದಿಂದ ಗೋಡೆ ನೆರಳಿನ ಹೆಂಗಸರು ಕಿವಿ ನಿಮಿರಿಸಿ ಕೂತಿದ್ರು. ಜುಹೈನಾಳ ಅಮ್ಮ ಸಾಲ್ಹಾ ಆ ಹೆಂಗಸರಿಗೆಲ್ಲ ಹಿರಿ ತಲೆ. ಅವಳ ನಾಲಿಗೆ ಮುಂದೆ ಹರೀಸ್ಸಾ ಖಾರವೂ ಸಪ್ಪೆ. ಒಂದಿನ ಶಾಲೆ ಬಾಗಿಲಲ್ಲೇ ಅಡ್ಡ ನಿಂತ್ಲು.

"ಏನ್ ಮೇಡಮ್, ಗಂಟಲು ಬಿತ್ತಾ?"

"ಇಲ್ವಲ್ಲಮ್ಮ, ಯಾಕೆ?"

"ಪಾಠ ಕೇಳಿಸ್ತಿಲ್ಲ. ಸಮುದ್ರದ ಕಡೆಯೋರು ಉಳಿತಾಯದೋರು ಅಂತ ಕೇಳಿದ್ದೆ. ಮಾತಿನಲ್ಲೂ ಉಳಿಸ್ತೀರಿ ಅಂತ ಗೊತ್ತಿರ್ಲಿಲ್ಲ."

"ಮಕ್ಕಳು ತಾವೇ ಕಲೀಲಿ ಅಂತ ಬಿಟ್ಟಿದೀನಿ ಸಾಲ್ಹಾ."

"ತಾವೇ ಕಲಿಯೋ ಹಾಗಿದ್ರೆ ನನ್ನ ಆಡುಗಳು ಈಗ ಡಾಕ್ಟರ್ ಆಗಿರ್ತಿದ್ವು! ಅವೂ ದಿನಾ ದುಂಡಗೇ ಮಲಗೋದು."

ನಗು ಬೀದಿ ತುದಿವರೆಗೂ ಹೋಯ್ತು. ಅದ್ರ ಹಿಂದೇನೇ ಹೆಂಗಸರೆಲ್ಲ ಸಿ ನೂರಿ ಕೋಣೆಗೆ ನುಗ್ಗಿದ್ರು. ಸಿ ನೂರಿ ಒಳ್ಳೇ ಮನುಷ್ಯ, ಆದ್ರೆ ನಾಲ್ಕು ಹೆಂಗಸರು ಒಟ್ಟಿಗೆ ಮಾತಾಡಿದ್ರೆ ಅವರಿಗೆ ಜ್ವರ ಬರೋದು. ಮೇಡಮ್ಮೋರನ್ನ ಕರೆದು, "ವಸಂತದಲ್ಲಿ ಇನ್ಸ್‌ಪೆಕ್ಟರ್ ಬರ್ತಾರೆ. ಅವರು ಈ ದುಂಡು ಒಪ್ಪಿದ್ರೆ ಇರಲಿ. ಒಪ್ಪದಿದ್ರೆ ಬೆಂಚು ಸಾಲಿಗೆ ಬರ್ಬೇಕು, ಇಲ್ಲಾ ನೀವು ಸಫಾಕ್ಸಿಗೆ ವರ್ಗ ಕೇಳ್ಕೋಬೇಕು. ನನಗೆ ಬೇರೆ ದಾರಿ ಇಲ್ಲ ಬೆಹಿಜಾ" ಅಂದ್ರು.

ಸಫಾಕ್ಸಲ್ಲಿ ಏನಿತ್ತು? ತಮ್ಮನ ಮನೆ, ಆ ಮನೇಲಿ ಮದುವೆ ಆಗದ ಅತ್ತೆ ಅನ್ನೋ ಹೆಸರು, ಅಡುಗೆಮನೆ ಮೂಲೇಲಿ ಈರುಳ್ಳಿ ಬುಟ್ಟಿ. ಇಲ್ಲಾದ್ರೆ ಬೀದೀಲಿ ಹೋದ್ರೆ ಪ್ರತಿ ಬಾಗಿಲಿಂದಲೂ "ಮೇಡಮ್" ಅಂತ ಒಂದು ದನಿ. ಮೇಡಮ್ಮೋರಿಗೆ ಹೋಗೋ ಮನಸ್ಸಿಲ್ಲ. ಹಂಗಂತ ಬೆಂಚು ತಿರುಗಿಸಿ ಮತ್ತೆ ಕೂಗಿಸೋ ಮನಸ್ಸೂ ಇಲ್ಲ. ಕೂಗಿದ್ದನ್ನ ಮಕ್ಕಳು ಹಬ್ಬದ ರಜ ಮುಗಿಯೋದ್ರೊಳಗೆ ಮರೀತಿದ್ದದ್ದು ಅವರೊಬ್ಬರಿಗೇ ಗೊತ್ತಿತ್ತು.

ಜಗಳ ಜಗಳವೇ, ಊಟ ಊಟವೇ. ಸಾಲ್ಹಾಳ ಗಂಡ ಹಜ್ಜಿಂದ ಬಂದ ಶುಕ್ರವಾರ ಬೀದಿಗೆಲ್ಲ ಊಟ, ಮೇಡಮ್ಮೋರಿಗೂ ಕರೆ. ದೊಡ್ಡ ಮರದ ಹರಿವಾಣದ ತುಂಬ ಆವೀಲಿ ಬೆಂದ ಗೋಧಿ ರವೆಯ ಕುಸ್ಕುಸ್, ಮೇಲೆ ಕುಂಬಳ, ಕಡಲೆ, ನಡುವೆ ಕುರಿ ಮಾಂಸ. ಹೆಂಗಸರು ದುಂಡಗೆ ಕೂತ್ರು. ಸಫಾಕ್ಸ್ ಮನೇಲಿ ಮೇಡಮ್ಮೋರಿಗೆ ಬೇರೆ ಬೇರೆ ತಟ್ಟೇಲಿ ಉಂಡು ರೂಢಿ. ಇಷ್ಟು ವರ್ಷವೂ ಇಲ್ಲಿ ಒಬ್ಬರೇ ಬೇಯಿಸ್ಕೊಂಡು ಉಂಡೋರು, ಯಾರಾದ್ರೂ ಕರೆದ್ರೆ ಅತಿಥಿ ಅಂತ ಅವರಿಗೆ ಬೇರೆ ತಟ್ಟೆ ಸಿಗ್ತಿತ್ತು. ಆ ದಿನ ಸಾಲ್ಹಾ ಸಿಟ್ಟಿಗೆ ತಟ್ಟೆ ಕೊಡಲಿಲ್ಲ, ಎಲ್ಲರ ಜೊತೆ ಕೂರಿಸಿದ್ಲು. ಹೊಟ್ಟೆ ಹಸಿದಿತ್ತು, ಎದುರು ಬದೀಲಿ ಒಂದು ಒಳ್ಳೇ ಕುಂಬಳದ ಹೋಳು ಕಾಣ್ತು. ಮೇಡಮ್ಮೋರು ಕೈ ಚಾಚಿ ಹಿಡ್ಕೊಂಡೇ ಬಿಟ್ರು.

ಹರಿವಾಣದ ಸುತ್ತ ಕೈಗಳೆಲ್ಲ ನಿಂತ್ವು. ಜುಹೈನಾ ಬಾಯಿಗೆ ತಲೆವಸ್ತ್ರದ ತುದಿ ತುರುಕ್ಕೊಂಡ್ಲು.

ಸಾಲ್ಹಾ ಸಾವಧಾನವಾಗಿ ಅಂದ್ಲು: "ನಿಮ್ಮ ಮುಂದೆ ಇರೋದು ಮರಳಾ ಮೇಡಮ್? ಅದು ಅವಳ ಮುಂದಿನದು."

ಅಂದೋಳೇ ನಡುವಿನ ಮಾಂಸದ ದೊಡ್ಡ ತುಂಡು ಮುರಿದು, ಎಲ್ಲರ ಮೇಲಿಂದ ಕೈ ಚಾಚಿ ಮೇಡಮ್ಮೋರ ಮುಂದಿಟ್ಲು. ಅವಳ ಕೈ ಹರಿವಾಣದ ಆ ಬದಿ ಈ ಬದಿ ಎಲ್ಲಾ ಕಡೆ ಓಡಾಡ್ತು. ಬೇರೆ ಯಾರ ಕೈಯೂ ತನ್ನ ಮುಂದಿನ ಗೆರೆ ದಾಟಲಿಲ್ಲ.

ಮೇಡಮ್ಮೋರು ತುತ್ತು ಕೈಲೇ ಹಿಡಿದು, "ಅವನ ಮುಂದಿತ್ತು!" ಅಂತ ಕಿರುಚಿದ್ರು. "ಅಯ್ಯೋ, ಅದು ಅವನ ಮುಂದಿತ್ತು!"

"ಹಜ್ಜಿನ ಊಟಕ್ಕೆ ಕರೆದ್ರೆ ಹುಚ್ಚು ಹಿಡೀತಲ್ಲೇ ಇವ್ರಿಗೆ," ಅಂತ ಪಕ್ಕದೋಳು ನೀರಿನ ಲೋಟ ಮುಂದಿಟ್ಲು.

"ಸಾಲ್ಹಾ, ಬೇರೆಯೋರ ಮುಂದಿಂದಕ್ಕೆ ಕೈ ಹಾಕೋ ಹಕ್ಕು ಯಾರಿಗಿದೆ?"

"ಮನೆಯೋರಿಗೆ, ಇನ್ಯಾರಿಗೆ? ಅದೂ ಕಿತ್ಕೊಳ್ಳೋಕಲ್ಲ, ಕೊಡೋಕೆ. ನೆಂಟರು ಹಸ್ಕೊಂಡು ಎದ್ರೆ ಮನೆಯೋರಿಗೆ ಅವಮಾನ. ಇಷ್ಟೂ ಗೊತ್ತಿಲ್ವಾ? ಏನ್ ಕಲಿಸ್ತೀರೋ ಮಕ್ಕಳಿಗೆ!"

ಮುಂದಿನ ಸೋಮವಾರ ಮೇಡಮ್ಮೋರು ಹೊಸ ಕಟ್ಟಳೆ ಹಾಕಿದ್ರು. ಪ್ರತಿ ದುಂಡಿಗೂ ಸರದಿ ಪ್ರಕಾರ ಒಬ್ಬರು ಮನೆಯೋರು, ಉಳಿದೋರು ನೆಂಟರು. ಮನೆಯೋರು ಯಾರ ಮುಂದಕ್ಕಾದ್ರೂ ಕೈ ಚಾಚಬಹುದು. ಆದ್ರೆ ಉತ್ತರದ ಒಂದು ತುತ್ತು ಮುಂದಿಡಬೇಕು, ಬಾಯಿಗೆ ತುರುಕಂಗಿಲ್ಲ. ಅಗಿಯೋದು ನೆಂಟರ ಕೆಲಸ. ಮತ್ತೆ ದುಂಡಿನಲ್ಲಿ ಒಬ್ಬರಿಗೆ ತಿಳೀದಿದ್ರೂ ಮನೆಯೋರು ಉಂಡ ಹಾಗಲ್ಲ.

ಅಲ್ಲಿಂದ ಶುರುವಾಯ್ತು ನೋಡಿ ಗಲಾಟೆ. "ತಗೋ." "ಬೇಡ, ನನಗೆ ಗೊತ್ತು." "ವಲ್ಲಾಹಿ, ಒಂದು ಸಾಲು ತಗೋ." "ಸಾಕಪ್ಪ, ತುಂಬ್ತು." "ನನ್ನಾಣೆ, ಇದೊಂದು ಭಾಗಾಕಾರ!" ಆ ಸದ್ದಿಗೆ ಹೊರಗಿನ ಹೆಂಗಸರು, ಶಾಲೇಲಿ ಯಾರದೋ ಮದುವೆ ನಡೀತಿದೆ, ನಮ್ಮನ್ನ ಕರೀಲಿಲ್ಲ ಅಂತ ಒಳಗೆ ನುಗ್ಗಿ ಬಂದ್ರು. ಮುಂದಿನ ನಕ್ಷೇಲಿ ಊರು ಒಂದೇ ಆಯ್ತು, ಮಸೀದಿ ಮಾತ್ರ ಎರಡು. ಇಬ್ಬರು ಹಠ ಬಿಡಲಿಲ್ಲ.

ಎಲ್ಲಾ ಸರಿಹೋಯ್ತು ಅಂತ ಬರೆದ್ರೆ ಮೇಡಮ್ಮೋರೇ ಬಂದು ಕಿವಿ ಹಿಂಡ್ತಾರೆ. ಒಂದು ಪಾಠಕ್ಕೆ ಹಿಂದೆ ಹಿಡೀತಿದ್ದ ಹೊತ್ತಿನ ಮೂರರಷ್ಟು ಹೊತ್ತು ಹೋಗ್ತಿತ್ತು. ಕೆಲವು ನೆಂಟರು ಹಾಯಾಗಿ ಕೂತು ಉಪಚಾರ ಮಾಡಿಸ್ಕೊಂಡು ಕೊಬ್ಬಿದ್ರು. ನಾಚಿಕೆ ಮಕ್ಕಳು ಮನೆಯೋರಾದ ದಿನ ಆ ದುಂಡು ಉಪವಾಸ. ಬಾಯಿ ಮುಚ್ಕೊಂಡು ಇರೋದಂತೂ ಮೇಡಮ್ಮೋರಿಗೆ ಎಲ್ಲಕ್ಕಿಂತ ಕಷ್ಟ. ಉತ್ತರ ನಾಲಿಗೆ ತುದೀಲಿ ಕೂತಿರೋದು, ಅದನ್ನ ನುಂಗ್ತಾ ದುಂಡಿಂದ ದುಂಡಿಗೆ ನಡೆಯೋರು. ಸಂಜೆ ಚಾ ಕುಡಿಯೋವಾಗ, "ಹೇಳಿ ಕಲಿಸೋದು ಹತ್ತಿ ಮೂಟೆ, ಹೇಳದೆ ಕಲಿಸೋದು ಕಲ್ಲಿನ ಮೂಟೆ" ಅನ್ನೋರು. ಅರ್ಧ ಪುಸ್ತಕ ಮುಗಿಯೋದ್ರೊಳಗೆ ವಸಂತ ಬಂತು. ಇನ್ಸ್‌ಪೆಕ್ಟರೂ ಬಂದ್ರು.

ನಮ್ಮ ಹಾಗೇ ದಕ್ಷಿಣದ ತತಾವಿನ್ ಕಡೆಯೋರು, ಬಿಗಿ ಮುಖ. ಸಿ ನೂರಿ ಅವರ ಹಿಂದೆ ನೆರಳಿಗಿಂತ ಸಣ್ಣಗಾಗಿ ನಿಂತಿದ್ರು. ಇನ್ಸ್‌ಪೆಕ್ಟರು ಜುಹೈನಾಳ ದುಂಡಿನ ಪಕ್ಕ ಕುರ್ಚಿ ಹಾಕ್ಕೊಂಡು, "ಎಲ್ಲಿ, ಪಾಠ ಒಪ್ಪಿಸಿ" ಅಂದ್ರು. ಒಟ್ಟಿಗೆ ಕೂಗೋದು ಮಕ್ಕಳಿಗೆ ಮರೆತೇ ಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡಿದ್ರು. ಕಿಟಕಿ ಹೊರಗೆ ಖರ್ಜೂರ ಆರಿಸ್ತಿದ್ದ ಕೈಗಳೂ ನಿಂತ್ವು. ಇನ್ಸ್‌ಪೆಕ್ಟರು ಏನೋ ಗೀಚ್ಕೊಂಡ್ರು. ಆಮೇಲೆ, ದುರದೃಷ್ಟಕ್ಕೆ, ಗಾಸಿಮನ ಕಡೆ ಬೆರಳು ತೋರಿಸಿದ್ರು.

"ಒಂದು ಮರಕ್ಕೆ ಎಂಟು ಗೊನೆ. ಹನ್ನೆರಡು ಮರಕ್ಕೆ ಎಷ್ಟು?"

ಗಾಸಿಮ ಎದ್ದು ನಿಂತು ಸೂರು ನೋಡಿದ. ಸೂರಲ್ಲಿ ಬರ್ದಿರಲಿಲ್ಲ. ಜುಹೈನಾ ಎದ್ದು ಇನ್ಸ್‌ಪೆಕ್ಟರ ಮುಂದಿಂದಲೇ ದಾಟಿ ಅವನ ಹತ್ತಿರ ಹೋದ್ಲು.

"ಹತ್ತು ಮರದ್ದು ನಾನು ಕೊಡ್ತೀನಿ, ಎಂಬತ್ತು. ಎರಡು ಮರದ್ದು ನೀನು ತಗೋ."

"ಕೂತ್ಕೊಳ್ಳಮ್ಮ! ನಾನು ಕೇಳಿದ್ದು ಅವನನ್ನ."

"ಸೀದಿ, ಇವತ್ತು ನಾನು ಮನೆಯೋಳು. ಅವನು ನಮ್ಮ ನೆಂಟ. ಬರಿಹೊಟ್ಟೇಲಿ ಏಳಿಸಕ್ಕಾಗಲ್ಲ."

"ಯಾವ ಮನೆ? ಯಾವ ನೆಂಟ? ಇದನ್ನ ಕಾಪಿ ಹೊಡೆಯೋದು ಅಂತಾರೆ! ಕೂತ್ಕೋ ಅಂದೆ!"

ಮೇಡಮ್ಮೋರ ಮನಸ್ಸು ಆಗಲೇ ಸಫಾಕ್ಸ್ ಮುಟ್ಟಿ ಈರುಳ್ಳಿ ಸುಲಿಯಕ್ಕೆ ಕೂತಿತ್ತು. ಅಷ್ಟರಲ್ಲಿ ಕಿಟಕಿ ತುಂಬ ಒಂದು ಆಕಾರ. ಸಾಲ್ಹಾ, ಖರ್ಜೂರದ ಬುಟ್ಟಿ ಸಮೇತ ಕಿಟಕಿ ಕಟ್ಟೆ ಹತ್ತಿ ನಿಂತಿದ್ಲು.

"ಏನಪ್ಪಾ ದೊಡ್ಡ ಮನುಷ್ಯ! ಪಂಕ್ತೀಲಿ ಬಡಿಸ್ತಿರೋ ಮನೆಯೋಳ ಕೈ ಹಿಡಿಯೋದು ಯಾವೂರ ರೀತಿ? ತತಾವಿನಲ್ಲಿ ನಿಮ್ಮಮ್ಮ ಇದನ್ನೇ ಕಲಿಸಿದ್ದಾ?"

ಸಿ ನೂರಿಗೆ ಜ್ವರ ಬಂತು. ಆದ್ರೆ ಇನ್ಸ್‌ಪೆಕ್ಟರೂ ಒಂದೇ ಹರಿವಾಣದಲ್ಲಿ ಉಂಡು ಬೆಳೆದೋರೇ. ಅವರ ಕಿವಿ ದಾಳಿಂಬೆ ಆಯ್ತು. ಸಾಲ್ಹಾಳನ್ನ ನೋಡಿದ್ರು, ಹುಡುಗಿನ ನೋಡಿದ್ರು, ದುಂಡಗೆ ಕೂತ ಬೆಂಚು ನೋಡಿದ್ರು. ಕುರ್ಚಿ ಬಿಟ್ಟು ಎದ್ದು ಬೆಂಚಿನ ತುದೀಲಿ, ಗಾಸಿಮನ ಜಾಗದ ಪಕ್ಕ, ಒತ್ತರಿಸಿ ಕೂತ್ರು.

"ಬಡಿಸಮ್ಮ," ಅಂದ್ರು ಮೆತ್ತಗೆ. "ಮೊದ್ಲು ಅವನಿಗೆ."

ಗಾಸಿಮ ಬೆರಳು ಮಡಚಿದ, ಬಿಚ್ಚಿದ, ಬೆವತ. "ಎರಡು ಮರದ್ದು ಹದಿನಾರು... ತೊಂಬತ್... ತೊಂಬತ್ತಾರು!" ಆ ಹುಡುಗ ತನ್ನ ಬಾಯಿಂದ ತಾನೇ ಒಂದು ಲೆಕ್ಕ ಬಿಡಿಸಿದ್ದು ಅವತ್ತೇ ಮೊದಲು. ಮೇಡಮ್ಮೋರು ಗೋಡೆ ಕಡೆ ತಿರುಗಿ ಕಣ್ಣಿಗೆ ಮರಳು ಬಿತ್ತು ಅಂದ್ರು. ಬಾಗಿಲು ಹಾಕಿತ್ತು, ಗಾಳಿ ಇರಲಿಲ್ಲ.

ಹೊರಡೋವಾಗ ಇನ್ಸ್‌ಪೆಕ್ಟರು ಎರಡು ಮಾತು ಹೇಳಿದ್ರು. "ಪುಸ್ತಕ ಅರ್ಧಕ್ಕೇ ನಿಂತಿದೆ, ಅದು ನಿಮ್ಮ ತಪ್ಪು. ಬೆಂಚು ಹಿಂಗೇ ಇರಲಿ, ಅದು ನನ್ನ ಮಾತು." ಮೇಡಮ್ಮೋರು ಎರಡಕ್ಕೂ ತಲೆ ಬಾಗಿಸಿದ್ರು.

ಶಾಲೆ ಬಿಟ್ಟ ಮೇಲೆ ಗೋಡೆ ನೆರಳಿಗೆ ಹೋಗಿ ಸಾಲ್ಹಾಳ ಪಕ್ಕ ಕೂತ್ರು.

"ನನ್ನ ಓಡಿಸಕ್ಕೆ ಊರು ಎಬ್ಬಿಸಿದೋಳು ನೀನು. ಇವತ್ತು ನೀನೇ ಉಳಿಸಿದೆ."

"ನಿಮ್ಮನ್ನ ಯಾರು ಉಳಿಸಿದ್ರು? ನನ್ನ ಮಗಳ ಮರ್ಯಾದೆ ಉಳಿಸ್ಕೊಂಡೆ. ನಿಮ್ಮ ಮೇಲಿನ ಸಿಟ್ಟು ಹಂಗೇ ಇದೆ."

"ಅದೇನು ಸಿಟ್ಟು ಹೇಳಾದ್ರೂ ಹೇಳೇ."

ಸಾಲ್ಹಾ ಒಂದು ಖರ್ಜೂರ ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ಲು. ಆ ನಾಲಿಗೆ ಹುಡುಕಾಡಿದ್ದನ್ನ ನಾವು ಅದಕ್ಕೆ ಮುಂಚೆ ನೋಡಿರಲಿಲ್ಲ.

"ನಾವ್ಯಾರೂ ಶಾಲೆ ಮುಖ ನೋಡಿದೋರಲ್ಲ ಮೇಡಮ್. ನಿಮ್ಮ ಮಕ್ಕಳು ಕೂಗೋವಾಗ ನಾವೂ ಬಾಯೊಳಗೇ ಅಂದ್ಕೋತಿದ್ವಿ. ಎರಡರ ಮಗ್ಗಿ ಬಂತು, ಮೂರರದ್ದು ಬಂತು, ಆರರವರೆಗೂ ಬಂತು. ಏಳರದ್ದು ಶುರುವಾಗೋ ಹೊತ್ತಿಗೆ ನೀವು ಬೆಂಚು ತಿರುಗಿಸಿಬಿಟ್ರಿ."

ಗೋಡೆಯ ಈ ಬದೀಲೂ ಒಂದು ಕ್ಲಾಸು ಕೂತಿತ್ತು, ಇಷ್ಟು ವರ್ಷ, ಹಾಜರಿ ಇಲ್ಲದೆ. ಅದರ ಪಾಠ ತಾವೇ ನಿಲ್ಲಿಸಿದ್ರು.

ಮಾರನೇ ದಿನದಿಂದ ಸಂಜೆ ಹೊತ್ತು, ಅಸರ್ ನಮಾಜ್ ಆದ್ಮೇಲೆ, ಆ ಕೋಣೆ ಬಾಗಿಲು ಹೆಂಗಸರಿಗೆ ತೆರೀತು. ಅಲ್ಲಿ ಬೇರೆ ತೊಂದರೆ. ದುಂಡಗೆ ಕೂತ ಎಲ್ಲರೂ ಮನೆಯೋರೇ, ನೆಂಟರಾಗಕ್ಕೆ ಒಬ್ಳೂ ಒಪ್ಪಲ್ಲ. ಅದನ್ನೂ ಮೇಡಮ್ಮೋರು ಸಹಿಸಿದ್ರು. ಈ ಬರಹದಲ್ಲಿ ಅಕ್ಷರ ಸೊಟ್ಟ ಇದ್ರೆ ಅದು ನಮ್ಮದು, ನೆಟ್ಟಗಿದ್ರೆ ಅದು ಆ ಸಂಜೆಗಳದ್ದು. ಆಮೇಲಿನ ವರ್ಷಗಳಲ್ಲಿ ಶಾಲೆ ಫಲಿತಾಂಶ ಒಮ್ಮೆ ಏರ್ತು, ಒಮ್ಮೆ ಇಳೀತು, ಯಾವ ಪೇಪರಿನಲ್ಲೂ ಬರಲಿಲ್ಲ. ಆದ್ರೆ ನಮ್ಮ ಬೀದಿ ಮಕ್ಕಳು ಕಚೇರಿಗೆ ಹೋದ್ರೆ ಈಗ ಸೂರು ನೋಡಲ್ಲ, ಎದುರು ಕೂತೋರ ಮುಖ ನೋಡಿ ಕೇಳ್ತಾರೆ. ಇದನ್ನ ಕೊಟ್ಟೋರಿಗೆ ಏನು ವಾಪಸ್ ಕೊಡೋದು ಅಂತ ನಮಗೆ ಇವತ್ತಿಗೂ ತಿಳೀದು.

ಈಗ ಸರ್ಕಾರ ಮೇಡಮ್ಮೋರಿಗೆ ವಯಸ್ಸಾಯ್ತು ಅಂತಿದೆ. ಸರ್ಕಾರಕ್ಕೆ ಕಣ್ಣು ಕಾಣಲ್ಲ. ಅವರೂ ತಮ್ಮನ ಮನೆಗೆ ಹೋಗ್ತೀನಿ, ಇಲ್ಲಿ ಇನ್ನೇನು ಕೆಲಸ ಉಳಿದಿದೆ ಅಂತ ರಾಗ ಎಳೆದ್ರು. ಉಳಿದಿದೆ. ಸಾಲ್ಹಾಗೆ ಎಂಟರ ಮಗ್ಗಿ ಬರತ್ತೆ, ಒಂಬತ್ತರದ್ದು ಬರತ್ತೆ, ಪೇಪರ್ ಓದಿ ಮಂತ್ರಿಗಳನ್ನ ಹೆಸರು ಹಿಡಿದು ಬೈಯಕ್ಕೂ ಬರತ್ತೆ. ಏಳರ ಮಗ್ಗಿ ಮಾತ್ರ, ಇಷ್ಟು ವರ್ಷ ಆದ್ರೂ, ಏಳೇಳ್ಲಿಗೆ ಬಂದು ನಿಂತುಬಿಡತ್ತೆ. ಮೊನ್ನೆ ಐವತ್ತು ಅಂದ್ಲು, ನಿನ್ನೆ ಐವತ್ತೊಂದು, ಮುಖದಲ್ಲಿ ಒಂದು ಗೆರೆ ಅಲ್ಲಾಡದೆ. ಮೇಡಮ್ಮೋರು ತಲೆ ಚಚ್ಕೊಂಡು ಮತ್ತೆ ಮೊದಲಿಂದ ಶುರು ಮಾಡಿದ್ರು.

ಅಲ್ಲಾಹು ನಮ್ಮ ಬೆಹಿಜಾ ಮೇಡಮ್ಮೋರಿಗೆ ಖರ್ಜೂರದ ಮರದ ಆಯುಸ್ಸು ಕೊಡಲಿ, ಮೊಣಕಾಲು ಗಟ್ಟಿ ಇಡಲಿ, ಕಣ್ಣಿನ ಬೆಳಕು ಕಾಪಾಡಲಿ. ಹೂವು, ಶಾಲು, ಭಾಷಣ ಎಲ್ಲಾ ಮುಗಿದ ಮೇಲೆ ನಾಳೆ ಅಸರ್ ಆದ್ಮೇಲೆ ಕ್ಲಾಸಿದೆ ಮೇಡಮ್. ಸಾಲ್ಹಾ ಐವತ್ತೆರಡು ಅನ್ನೋಳಿದ್ದಾಳೆ. ತಿದ್ದಕ್ಕೆ ನೀವು ಬರ್ಲೇಬೇಕು.